72 ಪುಟದ ಕಾಮಿಕ್ಸ್, ಸಿಗದ ಒಂದು ಸಹಿ
ಕನ್ನಡ ಪುಸ್ತಕ ಪ್ರಾಧಿಕಾರದ ಅಧ್ಯಕ್ಷರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರಿಗೆ ನಮಸ್ಕಾರ.

ನಮ್ಮ ಮನೆಯ ಬೀರುವಿನ ಮೇಲೆ ಒಂದು ತಗಡಿನ ಟ್ರಂಕು ಇದೆ. ಅದರೊಳಗೆ 72 ಐವರಿ ಶೀಟುಗಳಿವೆ. ಎರಡೆರಡು ಶೀಟಿನ ನಡುವೆ ಬಟರ್ ಪೇಪರು, ನಾಲ್ಕು ಮೂಲೆಗೆ ನುಸಿಗುಳಿಗೆ. ಮೂರು ವರ್ಷ ರಾತ್ರಿ ಹೊತ್ತು ಕೂತು ಬರೆದ ಕಾಮಿಕ್ಸ್ ಅದು. ವೈಜ್ಞಾನಿಕ ಕಥೆ. ಕೊನೆಯ ಪುಟಕ್ಕೆ ಇಂಕು ಹಾಕಿ ಎರಡು ವರ್ಷ ಆಯ್ತು. ಇನ್ನೂ ಅಚ್ಚಾಗಿಲ್ಲ.

ಪ್ರಕಾಶಕರು ಸಿಗಲಿಲ್ಲ ಅನ್ನುವ ಗೋಳನ್ನು ನಿಮ್ಮ ಮುಂದೆ ತೋಡಿಕೊಳ್ಳಲು ಬಂದಿಲ್ಲ. ಒಬ್ಬರು ಸಿಕ್ಕಿದ್ದರು. ಸಿಗದೇ ಇರುವುದು ಒಂದು ಸಹಿ. ಕಥೆ ನನ್ನದಲ್ಲ. ಅದನ್ನು ಬರೆದವರು ಯಾರು, ಇದ್ದಾರಾ, ಇಲ್ಲವಾದರೆ ಮಕ್ಕಳು ಎಲ್ಲಿದ್ದಾರೆ, ಒಂದೂ ಪತ್ತೆಯಿಲ್ಲ.

ಕಥೆ ಬಂದದ್ದು 1979ರಲ್ಲಿ, ಒಂದು ಮಾಸಿಕದ ದೀಪಾವಳಿ ಸಂಚಿಕೆಯಲ್ಲಿ. ಆಗ ನಾನಿನ್ನೂ ಹುಟ್ಟಿರಲಿಲ್ಲ. ನನ್ನ ಸೋದರಮಾವ ತಂತಿ ಕಚೇರಿಯಲ್ಲಿ, ಅಂದರೆ ಟೆಲಿಗ್ರಾಂ ಕಚೇರಿಯಲ್ಲಿ ಕೆಲಸಕ್ಕಿದ್ದರು. ಪತ್ರಿಕೆಗಳಲ್ಲಿ ಇಷ್ಟವಾದ ಕಥೆಯ ಹಾಳೆಗಳನ್ನು ಕಿತ್ತು, ದಬ್ಬಣದಲ್ಲಿ ತೂತು ಮಾಡಿ, ಗೋಣಿದಾರದಿಂದ ಹೊಲಿದು ಇಟ್ಟುಕೊಳ್ಳುವ ಚಟ ಅವರಿಗೆ. ಅಂಥ ಒಂದು ಕಟ್ಟಿನಲ್ಲಿ ಈ ಕಥೆ ಇತ್ತು. ಹನ್ನೊಂದು ಪುಟ. ಲೇಖಕರ ಜಾಗದಲ್ಲಿ ಬರೀ ಎರಡಕ್ಷರದ ಕಾವ್ಯನಾಮ. ಕೆಳಗೆ ಊರಿಲ್ಲ, ಪರಿಚಯವಿಲ್ಲ.

ಆ ಕಾವ್ಯನಾಮವನ್ನಾಗಲಿ ಕಥೆಯ ಹೆಸರನ್ನಾಗಲಿ ಇಲ್ಲಿ ಬೇಕೆಂದೇ ಬರೆಯುತ್ತಿಲ್ಲ. ಬರೆದರೆ ನಾಳೆ ಬೆಳಗ್ಗೆಯೊಳಗೆ ನಾಲ್ಕು ಜನ ವಾರಸುದಾರರು ಹುಟ್ಟಿಕೊಳ್ಳುತ್ತಾರೆ. ನಿಮಗೆ ಅಂಚೆಯಲ್ಲಿ ಕಳಿಸಿರುವ ಪ್ರತಿಯಲ್ಲಿ ಎರಡೂ ಇವೆ, ನನ್ನ ಹೆಸರು ವಿಳಾಸದ ಜೊತೆಗೆ.

ಕಥೆಯನ್ನು ಸ್ವಲ್ಪ ಹೇಳುತ್ತೇನೆ, ಯಾಕೆ ಇಷ್ಟು ಹಟ ಅಂತ ಗೊತ್ತಾಗಲಿ. ತಂತಿ ಅಂದರೆ ಮನೆಯವರು ಲಕೋಟೆ ಒಡೆಯುವ ಮೊದಲೇ ಅಳುತ್ತಿದ್ದ ಕಾಲ. ಆದರೆ ಹಬ್ಬಕ್ಕೆ, ಮದುವೆಗೆ, ಪರೀಕ್ಷೆ ಪಾಸಾದದ್ದಕ್ಕೆ ಶುಭಾಶಯದ ತಂತಿಗಳೂ ಹೋಗುತ್ತಿದ್ದವು. ಅವಕ್ಕೆ ಇಲಾಖೆಯೇ ಸಿದ್ಧ ವಾಕ್ಯಗಳ ಪಟ್ಟಿ ಮಾಡಿತ್ತು. ಒಂದೊಂದು ವಾಕ್ಯಕ್ಕೆ ಒಂದೊಂದು ನಂಬರು. ಕಳಿಸುವವರು ನಂಬರು ಹೇಳಿದರೆ ಸಾಕು, ಆ ತುದಿಯ ಗುಮಾಸ್ತ ವಾಕ್ಯವನ್ನು ಬರೆದುಕೊಡುತ್ತಿದ್ದ. ಅರಸೀಕೆರೆ ಕಡೆಯ ಒಂದು ಸಣ್ಣ ಕಚೇರಿಯಲ್ಲಿ ರಾತ್ರಿ ಪಾಳಿಯ ಗುಮಾಸ್ತನಿಗೆ ಒಂದು ನಂಬರು ಬರುತ್ತದೆ. ಪಟ್ಟಿಯಲ್ಲಿ ಇಲ್ಲದ ನಂಬರು. ಮಾರನೇ ರಾತ್ರಿ ಮತ್ತೆ ಅದೇ. ಕಳಿಸುತ್ತಿರುವುದು ಮುಂದೆ ಬರಲಿರುವ 2019ನೇ ಇಸವಿಯಿಂದ. ಜನ ಅಷ್ಟು ಸಲ ಹೇಳಿಕೊಳ್ಳುವ, ಅದಕ್ಕೇ ಅಂತ ನಂಬರು ಕೊಡಬೇಕಾಗಿ ಬಂದ ಆ ಹೊಸ ಶುಭಾಶಯ ಯಾವುದು ಅನ್ನುವುದೇ ಕಥೆ. ಆ ವಾಕ್ಯವನ್ನು ನಾನಿಲ್ಲಿ ಹೇಳುವುದಿಲ್ಲ. ಅದನ್ನು ಬಿಟ್ಟುಕೊಡುವ ಹಕ್ಕು ನನ್ನದಲ್ಲ.

ಕಥೆಗಾರ ರಾಜಶೇಖರ ಭೂಸನೂರಮಠರಂಥವರು ಕನ್ನಡದಲ್ಲಿ ವೈಜ್ಞಾನಿಕ ಕಥೆಗೆ ಓದುಗರನ್ನು ಹುಟ್ಟಿಸುತ್ತಿದ್ದ ದಿನಗಳವು. ಆದರೆ ಈ ಕಥೆಯಲ್ಲಿ ರಾಕೆಟ್ಟೂ ಇಲ್ಲ, ಅನ್ಯಗ್ರಹದವರೂ ಇಲ್ಲ. ಒಂದು ಮೇಜು, ಅಕ್ಷರಗಳನ್ನು ಚುಕ್ಕೆ-ಗೆರೆಯ ಲಯದಲ್ಲಿ ಕುಟ್ಟಿ ಕಳಿಸುವ ಒಂದು ಕೀ, ಬಂದದ್ದನ್ನು ಸದ್ದಾಗಿ ಕೇಳಿಸುವ ಒಂದು ಸೌಂಡರು, ಹೊರಗೆ ಜೀರುಂಡೆ. ಸದ್ದು ಜಾಸ್ತಿ ಕೇಳಲಿ ಅಂತ ಗುಮಾಸ್ತ ಸೌಂಡರಿನ ಹಿಂದೆ ಖಾಲಿ ಸಿಗರೇಟು ಡಬ್ಬಿ ಇಟ್ಟುಕೊಂಡಿರುತ್ತಾನೆ. ನಮ್ಮ ಮಾವನೂ ಹಾಗೇ ಮಾಡುತ್ತಿದ್ದರಂತೆ. ಆ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಬರೆದಿದ್ದಾರೆ: "ಬರೆದೋನು ನಮ್ಮೋನೇ."

ನನ್ನ ಹುಡುಕಾಟ ಶುರುವಾದದ್ದು ಆ ಎರಡು ಪದದಿಂದ.

ಮೊದಲು ಪತ್ರಿಕೆಯ ಕಚೇರಿಗೆ ಹೋದೆ. ಹಳೆಯ ಗೌರವಧನದ ರಿಜಿಸ್ಟರ್ ಸಿಕ್ಕರೆ ಕಾವ್ಯನಾಮದ ಪಕ್ಕ ನಿಜವಾದ ಹೆಸರು, ಮನಿಯಾರ್ಡರು ಹೋದ ವಿಳಾಸ ಇರುತ್ತದಲ್ಲ ಅಂತ ಆಸೆ. ಕಟ್ಟಡ ಬದಲಾಯಿಸುವಾಗ ಅವೆಲ್ಲ ತೂಕಕ್ಕೆ ಹೋದವಂತೆ. ಅಲ್ಲಿದ್ದವರು ಒಳ್ಳೆಯವರೇ. ಕಾಫಿ ತರಿಸಿದರು. "ಯಾರು ಕೇಳ್ತಾರೆ ಸಾರ್, ಹಾಕ್ಕೊಳಿ" ಅಂದರು. ಬೇಕಿದ್ದರೆ ಪತ್ರಿಕೆ ಕಡೆಯಿಂದ ಒಂದು ಕಾಗದ ಬರೆದುಕೊಡುತ್ತೇವೆ ಅಂತಲೂ ಅಂದರು. ಆದರೆ ಸಂಬಳದ ನೌಕರನಲ್ಲದ ಲೇಖಕ ಹೊರಗಿನಿಂದ ಕಳಿಸಿದ ಕಥೆಗೆ ಮೊದಲ ಒಡೆಯ ಲೇಖಕನೇ. ಬರೆದುಕೊಡದ ಹೊರತು ಅದು ಪತ್ರಿಕೆಯದಾಗುವುದಿಲ್ಲ. ಅವರದಲ್ಲದ್ದನ್ನು ಅವರು ಹೇಗೆ ಕೊಡುತ್ತಾರೆ?

ಆಮೇಲೆ ಪಿಂಚಣಿದಾರರನ್ನು ಹಿಡಿದೆ. ಅಂಚೆ ಮತ್ತು ತಂತಿ ಇಲಾಖೆ 1985ರಲ್ಲಿ ಎರಡಾಯಿತು, 2000ದಲ್ಲಿ ಬಿಎಸ್‌ಎನ್‌ಎಲ್ ಬಂತು. ಹೀಗಾಗಿ ಹಳಬರು ಎರಡು ಮೂರು ಕಡೆ ಹಂಚಿಹೋಗಿದ್ದಾರೆ. ಎಂಬತ್ತು ದಾಟಿದವರು, ಕಿವಿ ಮಂದವಾದವರು. ಕುತೂಹಲದ ಸಂಗತಿ ಏನಂದರೆ ಮಾತು ಸರಿಯಾಗಿ ಕೇಳಿಸದ ಒಬ್ಬರು, ನಾನು ಪೆನ್ನಿನಿಂದ ಮೇಜಿನ ಮೇಲೆ ಸುಮ್ನೆ ಕುಟ್ಟಿದ್ದನ್ನು ಕಂಡು "ಅದು ಅಕ್ಷರಾನೇ ಅಲ್ಲ" ಅಂದರು. ಹುಬ್ಬಳ್ಳಿ ಕಚೇರಿಯಲ್ಲಿ ಕಥೆ ಬರೆಯುವ ಒಬ್ಬರಿದ್ದರು ಅಂತ ಇನ್ನೊಬ್ಬರಿಗೆ ನೆನಪು. ಹೋಗಿ ವಿಚಾರಿಸಿದೆ. ಅವರು ಬರೆಯುತ್ತಿದ್ದದ್ದು ನಾಟಕ. ಕಾವ್ಯನಾಮವೂ ಬೇರೆ.

ಇನ್ನು ಪ್ರಕಾಶಕರ ವಿಷಯ. ಪುಟ ತಿರುವಿ ನೋಡಿದ ತಕ್ಷಣ ಮೊದಲ ಪ್ರಶ್ನೆ: "ಮಕ್ಕಳ ಪುಸ್ತಕನಾ?" ಅಲ್ಲ ಅಂದೆ. ಸ್ವಲ್ಪ ಹೊತ್ತು ಯೋಚಿಸಿ ಹಾಕೋಣ ಅಂದರು. ಹಕ್ಕಿನ ಮಾತು ಎತ್ತಿದಾಗ ಅವರೂ ಅದೇ ಅಂದರು, "ಯಾರು ಕೇಳ್ತಾರೆ?" ನಾನು ಒಪ್ಪದೇ ಹೋದಾಗ ಒಂದು ಉಪಾಯ ಹೇಳಿದರು. ಹೆಸರು ಬದಲಾಯಿಸಿ, ಊರು ಬದಲಾಯಿಸಿ, ಕಥೆ ನಿಮ್ಮದೇ ಅನ್ನಿ. ಬರೀ ಐಡಿಯಾಗೆ ಕಾಪಿರೈಟ್ ಇಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿದೆಯಲ್ಲ!

ಹೇಳಿದೆ, ನಿಜ. 1978ರ ಆರ್.ಜಿ. ಆನಂದ್ ಪ್ರಕರಣ. ವಸ್ತು, ಕಲ್ಪನೆ ಯಾರ ಸ್ವತ್ತೂ ಅಲ್ಲ, ಅದನ್ನು ಹೇಳಿದ ಬಗೆಗೆ ಮಾತ್ರ ರಕ್ಷಣೆ. ಆದರೆ ನಾನು ತೆಗೆದುಕೊಂಡಿರುವುದು ಬರೀ ಕಲ್ಪನೆಯನ್ನಲ್ಲ. ದೃಶ್ಯದ ಹಿಂದೆ ದೃಶ್ಯ, ಮಾತಿನ ಹಿಂದೆ ಮಾತು ಅವರದೇ. ಸಿಗರೇಟು ಡಬ್ಬಿ ಕೂಡ.

ನನ್ನದು ಅಂತ ಏನಿದೆ ಅಂದರೆ 31ನೇ ಪುಟವನ್ನು ತೋರಿಸಬೇಕು. ಮೂಲ ಕಥೆಯಲ್ಲಿ ಅಲ್ಲಿರುವುದು ಒಂದೇ ವಾಕ್ಯ: ಆ ಕೈ ಅವನಿಗೆ ಗುರುತಿತ್ತು. ತಂತಿಯವರಿಗೆ ದನಿ ಕೇಳಿ ಜನರನ್ನು ಗುರುತಿಸುವ ಹಾಗೆ, ಕುಟ್ಟುವ ಲಯದಲ್ಲೇ ಆ ತುದಿಯಲ್ಲಿ ಯಾರಿದ್ದಾರೆ ಅಂತ ಗೊತ್ತಾಗುತ್ತಿತ್ತು. ಕಿವಿಗೆ ಗೊತ್ತಾಗುವುದನ್ನು ಕಣ್ಣಿಗೆ ಕಾಣಿಸುವುದು ಹೇಗೆ? ನಾಲ್ಕು ತಿಂಗಳು ಆ ಒಂದು ಪುಟಕ್ಕೇ ಹೋಯಿತು. ಮೊದಲು "ಕಟ್ ಕಡಾ ಕಟ್" ಅಂತ ದಪ್ಪಕ್ಷರ ಬರೆದೆ, ರೈಲು ಹೋದ ಹಾಗೆ ಕಂಡಿತು. ಅಲೆಅಲೆ ಗೆರೆ ಎಳೆದೆ, ಆಸ್ಪತ್ರೆಯ ಇಸಿಜಿ ಆಯಿತು. ಕೊನೆಗೆ ಮಾತನ್ನೆಲ್ಲ ತೆಗೆದುಹಾಕಿದೆ. ಆರು ಚೌಕ. ಎಡಗಡೆ ಗುಮಾಸ್ತನ ಕೈ, ಬಲಗಡೆ ಇನ್ನೊಂದು ಕೈ, ಮಣಿಕಟ್ಟಿನವರೆಗೆ ಮಾತ್ರ. ಮೊದಲ ಸಾಲಿನಲ್ಲಿ ಎರಡೂ ಬೇರೆ ಬೇರೆ. ಎರಡನೇ ಸಾಲಿನಲ್ಲಿ ಕಿರುಬೆರಳು ಎತ್ತಿ ಹಿಡಿಯುವ ರೀತಿ ಒಂದೇ. ಮೂರನೇ ಸಾಲಿನಲ್ಲಿ ಬಲಗಡೆಯ ಕೈ ಮೇಲೆ ಮುದಿ ಚರ್ಮದ ಸುಕ್ಕು. ಚೌಕಗಳ ನಡುವಿನ ಬಿಳಿ ಜಾಗದಲ್ಲಿ ಚುಕ್ಕೆ ಮತ್ತು ಅಡ್ಡಗೆರೆ, ಅಷ್ಟೇ. ನಾನು ಡ್ರಾಯಿಂಗ್ ಕಲಿಸುವ ಶಾಲೆಯ ಹುಡುಗಿಯೊಬ್ಬಳಿಗೆ ತೋರಿಸಿದೆ. "ಅವ್ನೇ ಅಲ್ವಾ ಸರ್, ಅಜ್ಜ ಆದ್ಮೇಲೆ?" ಅಂದಳು. ಅವತ್ತು ರಾತ್ರಿ ಇಂಕು ಹಾಕಿದೆ.

ಅದೇ ಹುಡುಗಿ "ಸರ್, ತಂತಿ ಅಂದ್ರೆ ಯಾವ್ ತಂತಿ?" ಅಂತಲೂ ಕೇಳಿದ್ದಳು. 2013ರ ಜುಲೈ 15ರಿಂದ ನಮ್ಮ ದೇಶದಲ್ಲಿ ತಂತಿ ಸೇವೆಯೇ ಇಲ್ಲ. ಅಂದರೆ 2019ರಿಂದ ತಂತಿ ಬರುವುದು ಸಾಧ್ಯವೇ ಇಲ್ಲ. ಇಸವಿಯನ್ನು 2059 ಅಂತ ತಿದ್ದಿ, ಮೊಬೈಲು ಸೇರಿಸಿ ಅಂತ ಸ್ನೇಹಿತರ ಒತ್ತಾಯ. ತಿದ್ದಲಿಲ್ಲ. 1979ರಲ್ಲಿ ಒಬ್ಬರು ಕಂಡ 2019 ಅದು. ನಮ್ಮ 2019 ಹೇಗಿತ್ತು ಅಂತ ಓದುವವರಿಗೆ ಗೊತ್ತೇ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದರಲ್ಲೇ ಈಗ ಆ ಕಥೆಯ ಅರ್ಧ ರುಚಿ ಇದೆ.

ಈಗ ಕಾನೂನಿಗೆ ಬರುತ್ತೇನೆ. ನಾನು ವಕೀಲನಲ್ಲ, ಆದರೆ 1957ರ ಕಾಪಿರೈಟ್ ಕಾಯ್ದೆಯನ್ನು ಈ ಎರಡು ವರ್ಷದಲ್ಲಿ ಪಂಚಾಂಗದ ಹಾಗೆ ಓದಿದ್ದೇನೆ. ಕಾವ್ಯನಾಮದಲ್ಲಿ ಬಂದ ಕೃತಿಗೆ 23ನೇ ಸೆಕ್ಷನ್ ಪ್ರಕಾರ ಪ್ರಕಟವಾದ ಮುಂದಿನ ವರ್ಷದ ಆರಂಭದಿಂದ 60 ವರ್ಷ ರಕ್ಷಣೆ. ಅಂದರೆ ಈ ಕಥೆಗೆ 2039ರ ಕೊನೆಯವರೆಗೆ. ಅಷ್ಟರೊಳಗೆ ಲೇಖಕರು ಯಾರೆಂದು ಬಹಿರಂಗವಾದರೆ ಲೆಕ್ಕ ಬದಲಾಗುತ್ತದೆ, ಅವರು ತೀರಿಕೊಂಡ ಮೇಲೆ 60 ವರ್ಷ. ಇದರಲ್ಲಿ ಒಂದು ತಮಾಷೆ ಇದೆ. ನಾನು ಸುಮ್ಮನಿದ್ದರೆ 2040ರ ಜನವರಿಯಲ್ಲಿ ಕಥೆ ಎಲ್ಲರದು. ಶ್ರದ್ಧೆಯಿಂದ ಹುಡುಕಿ ಪತ್ತೆ ಮಾಡಿದೆನೋ, ಗಡುವು ಇನ್ನೂ ದೂರ ಹೋಗಬಹುದು!

ಇನ್ನೊಂದು ಜಾಗ ಓದಿದಾಗ ನಿಜಕ್ಕೂ ಖುಷಿಯಾಗಿತ್ತು. ಕಾಯ್ದೆಯ ಎರಡನೇ ಸೆಕ್ಷನ್ನಿನ ಶುರುವಿನಲ್ಲೇ ರೂಪಾಂತರ ಅಂದರೆ ಏನು ಅಂತ ಬರೆದಿದೆ. ಕಥೆಯನ್ನು ಪೂರ್ತಿಯಾಗಿ ಅಥವಾ ಮುಖ್ಯವಾಗಿ ಚಿತ್ರಗಳ ಮೂಲಕ ಹೇಳಿ, ಪುಸ್ತಕದಲ್ಲೋ ಪತ್ರಿಕೆಯಲ್ಲೋ ಅಚ್ಚು ಹಾಕಬಹುದಾದ ರೂಪವೂ ರೂಪಾಂತರವೇ ಅಂತೆ. ಕಾಮಿಕ್ಸ್ ಅನ್ನುವ ಪದ ಇಲ್ಲ, ಮಿಕ್ಕದ್ದೆಲ್ಲ ಇದೆ. 1957ರಲ್ಲೇ ನಮ್ಮ ಕೆಲಸವನ್ನು ಯಾರೋ ಗಮನಿಸಿದ್ದರು!

ಆ ಖುಷಿ 31ಎ ಸೆಕ್ಷನ್ನಿಗೆ ಬರುವ ತನಕ ಮಾತ್ರ. ಲೇಖಕರು ತೀರಿಕೊಂಡಿದ್ದರೆ, ಯಾರೆಂದು ಗೊತ್ತಿಲ್ಲದಿದ್ದರೆ, ಹುಡುಕಿದರೂ ಸಿಗದಿದ್ದರೆ ಲೈಸೆನ್ಸಿಗೆ ಅರ್ಜಿ ಹಾಕಬಹುದು ಅನ್ನುತ್ತದೆ ಅದು. ಮೊದಲು ಅಚ್ಚಾಗದ ಕೃತಿಗಳಿಗೆ ಮಾತ್ರ ಇತ್ತು. 2012ರ ತಿದ್ದುಪಡಿಯಲ್ಲಿ ಅಚ್ಚಾಗಿ ಜನರ ಕೈಗೆ ಸಿಗದೇ ಇರುವ ಕೃತಿಗಳಿಗೂ ಹಿಗ್ಗಿಸಿದರು. ಆದರೆ ಲೈಸೆನ್ಸ್ ಯಾತಕ್ಕೆ? ಕೃತಿಯನ್ನು ಪ್ರಕಟಿಸಲು, ಜನರಿಗೆ ತಲುಪಿಸಲು, ಅನುವಾದಿಸಲು. ರೂಪಾಂತರದ ಮಾತೇ ಇಲ್ಲ. ಆ ಹನ್ನೊಂದು ಪುಟವನ್ನು ಇದ್ದ ಹಾಗೇ ಅಚ್ಚು ಹಾಕಲು ನಾನು ಅರ್ಜಿ ಹಾಕಬಹುದು. ಕಾಮಿಕ್ಸ್ ಮಾಡಿದರೆ ದಾರಿ ಮುಚ್ಚಿದೆ, ಇಲ್ಲವೇ ನ್ಯಾಯಾಧೀಶರ ದೊಡ್ಡ ಮನಸ್ಸನ್ನು ನಂಬಿಕೊಂಡು ಹೋಗಬೇಕು.

ಹೋಗುವುದು ಎಲ್ಲಿಗೆ ಅನ್ನುವುದೂ ಒಂದು ಕಥೆ. ಮೊದಲು ಕಾಪಿರೈಟ್ ಬೋರ್ಡ್ ಇತ್ತು. 2017ರಲ್ಲಿ ಅದರ ಕೆಲಸವನ್ನು ಬೌದ್ಧಿಕ ಸ್ವತ್ತಿನ ಮೇಲ್ಮನವಿ ಮಂಡಳಿಗೆ ವಹಿಸಿದರು. 2021ರಲ್ಲಿ ಆ ಮಂಡಳಿಯನ್ನೇ ಮುಚ್ಚಿದರು. ಈಗ ವ್ಯಾಪಾರದ ವ್ಯಾಜ್ಯ ನೋಡುವ ಕಮರ್ಷಿಯಲ್ ಕೋರ್ಟು. ಐನೂರು ಪ್ರತಿ ಅಚ್ಚು ಹಾಕುವ ಆಸೆಯ ಡ್ರಾಯಿಂಗ್ ಮೇಷ್ಟ್ರು ಕಮರ್ಷಿಯಲ್ ಕೋರ್ಟಿನ ಮೆಟ್ಟಿಲು ಹತ್ತಬೇಕು.

ಹತ್ತುವ ಮೊದಲು ಜಾಹೀರಾತು ಕೊಡಬೇಕು. ದೇಶದ ಹೆಚ್ಚಿನ ಭಾಗದಲ್ಲಿ ಓದುವ ಇಂಗ್ಲಿಷ್ ದಿನಪತ್ರಿಕೆಯಲ್ಲಿ! ಅನುವಾದಕ್ಕಾದರೆ ಆ ಭಾಷೆಯ ಪತ್ರಿಕೆಯಲ್ಲೂ ಕೊಡಬೇಕು ಅಂತಿದೆ. ಮೂಲ ಕೃತಿ ಯಾವ ಭಾಷೆಯಲ್ಲಿದೆಯೋ ಆ ಭಾಷೆಯ ಪತ್ರಿಕೆ ಅಂತ ಎಲ್ಲೂ ಇಲ್ಲ. ಕನ್ನಡದಲ್ಲಿ ಬರೆದವರ ಮಕ್ಕಳು ಕಡೂರಿನಲ್ಲೋ ಗದಗಿನಲ್ಲೋ ಇದ್ದರೆ, ಅವರನ್ನು ಇಂಗ್ಲಿಷ್ ಪತ್ರಿಕೆಯ ಮೂಲೆಯಲ್ಲಿ ಕೂಗಿ ಕರೆಯಬೇಕಂತೆ.

ಇಷ್ಟೆಲ್ಲ ಯಾಕೆ, ಸುಮ್ನೆ ಹಾಕಿಬಿಡು ಅನ್ನುವವರಿಗೆ ಒಂದು ಹಳೆಯ ಪ್ರಸಂಗ ಹೇಳುತ್ತಿರುತ್ತೇನೆ. 1952ರಲ್ಲಿ ಅಮೆರಿಕದ ಇಸಿ ಕಾಮಿಕ್ಸ್‌ನವರು ವೈಜ್ಞಾನಿಕ ಕಥೆಗಾರ ರೇ ಬ್ರಾಡ್ಬರಿಯ ಎರಡು ಕಥೆಗಳನ್ನು ಕೇಳದೇ ತೆಗೆದುಕೊಂಡು, ಬೆಸೆದು, ಒಂದು ಕಾಮಿಕ್ಸ್ ಮಾಡಿ ಹಾಕಿದರು. ವಾಲಿ ವುಡ್ ಬರೆದ ಚಿತ್ರಗಳು. ಚೆನ್ನಾಗಿತ್ತು ಅನ್ನಿ. ಬ್ರಾಡ್ಬರಿ ಕೂಗಾಡಲಿಲ್ಲ. ಒಂದು ಕಾಗದ ಬರೆದ. ನನ್ನ ಕಥೆಗಳ ಬಾಬ್ತು 50 ಡಾಲರ್ ಚೆಕ್ ಇನ್ನೂ ಬಂದಿಲ್ಲ, ಕಚೇರಿಯ ಗಡಿಬಿಡಿಯಲ್ಲಿ ಮರೆತಿರಬೇಕು, ಬೇಗ ಕಳಿಸಿಕೊಡಿ ಅನ್ನುವ ಧಾಟಿಯಲ್ಲಿ. ಅವರು ದುಡ್ಡು ಕಳಿಸಿದರು. ಆಮೇಲೆ ಅವನ ಎಷ್ಟೋ ಕಥೆಗಳನ್ನು ಒಪ್ಪಿಗೆ ಪಡೆದೇ ಕಾಮಿಕ್ಸ್ ಮಾಡಿದರು. ಆದರೆ ಬ್ರಾಡ್ಬರಿ ಬದುಕಿದ್ದ, ಆ ಸಂಚಿಕೆ ಅವನ ಕೈಗೆ ಸಿಕ್ಕಿತ್ತು, ಕಾಗದ ಬರೆಯುವಷ್ಟು ಧೈರ್ಯವೂ ಇತ್ತು. ನಮ್ಮ ಎರಡಕ್ಷರದ ಲೇಖಕರು 50 ರೂಪಾಯಿ ಕೇಳುವುದಾದರೂ ಹೇಗೆ? ಯಾರೂ ಕೇಳುವುದಿಲ್ಲ ಅನ್ನುವುದು ನಿಜವೇ ಇರಬಹುದು. ಅದಕ್ಕೇ ನನಗೆ ಕೈ ಬರುತ್ತಿಲ್ಲ.

ಅಧ್ಯಕ್ಷರೇ, ಲೈಸೆನ್ಸ್ ಕೊಡುವ ಅಧಿಕಾರ ನಿಮಗಿಲ್ಲ, ಗೊತ್ತು. ಕಾಯ್ದೆ ದಿಲ್ಲಿಯದು. ಆದರೂ ನಿಮಗೇ ಬರೆಯುತ್ತಿದ್ದೇನೆ, ಯಾಕೆಂದರೆ ಕನ್ನಡ ಪುಸ್ತಕದ ಹೆಸರಿನಲ್ಲೇ ಇರುವ ಸರ್ಕಾರಿ ಸಂಸ್ಥೆ ನಿಮ್ಮದು. ಒಂದು ಪಟ್ಟಿ ಮಾಡಿಸಿ. ಯಾವ ಕಾವ್ಯನಾಮ ಯಾರದು, ಅವರು ಇಲ್ಲವಾದರೆ ಹಕ್ಕು ಈಗ ಯಾರ ಬಳಿ, ಯಾವ ಊರು. ಮನೆಯವರಿಗೆ ಇಷ್ಟವಿದ್ದರೆ ಮಾತ್ರ ಸೇರಿಸಿ. ಹೆಸರು ಮುಚ್ಚಿಟ್ಟು ಬರೆದವರಿಗೆ ಅವರದೇ ಕಾರಣ ಇರುತ್ತದೆ. ನಮ್ಮ ಲೇಖಕರೂ ಮೇಲಿನ ಸಾಹೇಬರ ಕಣ್ಣಿಗೆ ಬೀಳದಿರಲಿ ಅಂತಲೇ ಹಾಗೆ ಮಾಡಿದ್ದರೋ ಏನೋ. ಪಕ್ಕದ ತಮಿಳುನಾಡು ಸರ್ಕಾರ ಎಷ್ಟೋ ಲೇಖಕರ ವಾರಸುದಾರರಿಗೆ ಹಣ ಕೊಟ್ಟು, ಅವರ ಕೃತಿಗಳನ್ನು ನಾಡಿನ ಸೊತ್ತು ಮಾಡಿದೆ. ಅಷ್ಟು ದೂರ ಹೋಗಿ ಅಂತ ನಾನು ಹೇಳುತ್ತಿಲ್ಲ. ಆದರೆ ದುಡ್ಡು ಕೊಡುವ ಮೊದಲು ವಾರಸುದಾರರು ಯಾರು ಅಂತ ಅವರೂ ಹುಡುಕಿಯೇ ಇರಬೇಕಲ್ಲ?

ಪಟ್ಟಿಯ ಜೊತೆಗೆ ಹುಡುಕುವವರಿಗೂ ಒಂದು ಜಾಗ ಬೇಕು. ಇಂಥ ಕೃತಿಯ ಲೇಖಕರನ್ನು ಹುಡುಕುತ್ತಿದ್ದೇವೆ ಅಂತ ಕನ್ನಡದಲ್ಲಿ, ಎಲ್ಲರಿಗೂ ಕಾಣುವ ಹಾಗೆ ಹಾಕುವ ಜಾಗ. ಬ್ರಿಟನ್ನಿನಲ್ಲಿ 2014ರಿಂದ ಇಂಥದ್ದೊಂದು ವ್ಯವಸ್ಥೆ ಇದೆ. ಶ್ರದ್ಧೆಯಿಂದ ಹುಡುಕಿದ್ದಕ್ಕೆ ಪುರಾವೆ ಕೊಟ್ಟರೆ ಸರ್ಕಾರಿ ಕಚೇರಿಯೇ ಲೈಸೆನ್ಸ್ ಕೊಡುತ್ತದೆ, ಶುಲ್ಕವನ್ನು ಒಡೆಯರ ಹೆಸರಿನಲ್ಲಿ ತೆಗೆದಿಡುತ್ತದೆ. ಕೋರ್ಟು ಮೆಟ್ಟಿಲು ಹತ್ತುವ ಮಾತಿಲ್ಲ.

ಮತ್ತೆ ದಿಲ್ಲಿಯ ಕಾಪಿರೈಟ್ ಕಚೇರಿಗೆ, ಅದನ್ನು ನೋಡಿಕೊಳ್ಳುವ ಇಲಾಖೆಗೆ ನೀವೊಂದು ಪತ್ರ ಬರೆಯಬೇಕು. 31ಎ ಸೆಕ್ಷನ್ನಿಗೆ 'ರೂಪಾಂತರ' ಅನ್ನುವ ಒಂದು ಪದ ಸೇರಿಸಿ, ಜಾಹೀರಾತು ಮೂಲ ಕೃತಿಯ ಭಾಷೆಯಲ್ಲೂ ಬರಲಿ ಅಂತ. ನಾನು ಬರೆದರೆ ಅದು ಒಬ್ಬ ಮೇಷ್ಟ್ರ ಅರ್ಜಿ. ಪ್ರಾಧಿಕಾರದ ಲೆಟರ್‌ಹೆಡ್ಡಿನಲ್ಲಿ ಹೋದರೆ ಫೈಲಿಗೆ ನಂಬರಾದರೂ ಬೀಳುತ್ತದೆ.

ಕಾಮಿಕ್ಸಿಗೆ ಇಷ್ಟು ಓಡಾಟವಾ ಅಂತ ಯಾರಾದರೂ ಅಂದರೆ, ಅಮರ ಚಿತ್ರ ಕಥೆಯನ್ನು ನೆನಪಿಸಿ. ಆ ಮಾಲೆಯ ಮೊದಲ ಹತ್ತು ಸಂಚಿಕೆ ಬಂದದ್ದು ಕನ್ನಡದಲ್ಲಿ, ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಮುತುವರ್ಜಿಯಿಂದ. ಪರದೇಶದ ಕಿನ್ನರ ಕಥೆಗಳು ಅವು. ಎಲ್ಲರೂ ಮೊದಲನೆಯದು ಅಂದುಕೊಂಡಿರುವ ಕೃಷ್ಣನ ಸಂಚಿಕೆಯ ನಂಬರು ಹನ್ನೊಂದು.

ಈ ಪತ್ರ ಓದುತ್ತಿರುವ ಬೇರೆಯವರಿಗೂ ಒಂದು ಮಾತು. ನಿಮ್ಮ ಮನೆಯಲ್ಲಿ ತಂತಿ ಕಚೇರಿಯಲ್ಲಿದ್ದ ಅಪ್ಪ, ಅಜ್ಜ, ದೊಡ್ಡಪ್ಪ ಯಾರಾದರೂ ಕಥೆ ಬರೆಯುತ್ತಿದ್ದರಾ? ಅಜ್ಜಿಯನ್ನೂ ಕೇಳಿ ನೋಡಿ. ಟೆಲಿಫೋನು ಎಕ್ಸ್‌ಚೇಂಜಿನಲ್ಲಿ, ತಂತಿ ಕಚೇರಿಯಲ್ಲಿ ಹೆಂಗಸರೂ ಇದ್ದರು. "ಬರೆದೋನು" ಅಂತ ನಮ್ಮ ಮಾವ ಬರೆದರು ಅಂದಮಾತ್ರಕ್ಕೆ ಗಂಡಸೇ ಆಗಿರಬೇಕು ಅಂತೇನಿಲ್ಲ. ಗೊತ್ತಿದ್ದವರು ಪ್ರಾಧಿಕಾರಕ್ಕೆ ಒಂದು ಕಾರ್ಡು ಹಾಕಿ. 1979ರ ದೀಪಾವಳಿ, ರಾತ್ರಿ ಪಾಳಿ, ಸಿಗರೇಟು ಡಬ್ಬಿ ಅಂತ ಬರೆದರೆ ಸಾಕು. ಆ ನಂಬರಿನ ಅರ್ಥವೂ ಗೊತ್ತಿದ್ದರೆ ಇನ್ನು ಬೇರೆ ಪುರಾವೆ ಬೇಡ.

ಹೋದ ವರ್ಷ ನಮ್ಮೂರ ಅಂಚೆ ಕಚೇರಿಯಲ್ಲಿ ಒಂದು ಆರ್.ಡಿ. ಖಾತೆ ತೆರೆದಿದ್ದೇನೆ. ತಿಂಗಳಿಗೆ 500 ರೂಪಾಯಿ, ಆ ಲೇಖಕರ ಬಾಬ್ತು. ಯಾರ ಹೆಸರಿಗೆ ಅಂತ ಕೌಂಟರಿನ ಹುಡುಗ ಕೇಳಿದ. ಎರಡಕ್ಷರದ ಹೆಸರು ಹೇಳಿದೆ. ಆಧಾರ್ ಕೊಡಿ ಅಂದ. ಪಾಸ್‌ಬುಕ್ಕಿನಲ್ಲಿ ಸದ್ಯಕ್ಕೆ ನನ್ನ ಹೆಸರೇ ಇದೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಡ್ರಾಯಿಂಗ್ ಮೇಷ್ಟ್ರು
ತುಮಕೂರು ಜಿಲ್ಲೆ